ಇದ್ದಿಲು ಬಸ್ಸಿನ ಹಿಂದಿನ ಸೀಟು

ನೀಲಕಂಠಪ್ಪನವರು ಮೋಟಾರು ಯಾಕೆ ಕೊಂಡರು ಎಂಬುದಕ್ಕೆ ಧಾರವಾಡದಲ್ಲಿ ಓಣಿಗೊಂದು ಕಥೆ ಇತ್ತು. ಸೊಕ್ಕಿಗೆ ಕೊಂಡರು ಎಂದು ಕೆಲವರು, ಹುಬ್ಬಳ್ಳಿಯಲ್ಲಿ ಯಾರನ್ನೋ ಇಟ್ಟುಕೊಂಡಿದ್ದಾರೆ ಎಂದು ಕೆಲವರು, ಸರಕಾರದಿಂದ ಒಂದು ಪದವಿ ಬೇಕಾಗಿದೆ, ಅದಕ್ಕೆ ಈ ಡೌಲು ಎಂದು ಇನ್ನು ಕೆಲವರು. ಖರೆ ಸಂಗತಿ ನನಗೆ ಗೊತ್ತಿತ್ತು. ಅವರಿಗೆ ಒಂದು ಸಲ ಬಾಯಿಬಿಟ್ಟು ಅಳಬೇಕಾಗಿತ್ತು. ಅಳಲಿಕ್ಕೆ ಜಾಗ ಬೇಕಾಗಿತ್ತು. ಅದಕ್ಕಾಗಿ ಮೋಟಾರು ಕೊಂಡರು.

ರೈತರ ಹತ್ತಿ ಮಾರಿಸಿಕೊಡುವ ಅವರ ಅಡತಿ ಅಂಗಡಿ ಹುಬ್ಬಳ್ಳಿಯಲ್ಲಿ, ಮನೆ ಧಾರವಾಡದ ಕಾಮನಕಟ್ಟಿಯಲ್ಲಿ. ನಾನು ಮಾಳಮಡ್ಡಿಯವನು, ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದೆ. ಬೆಳಿಗ್ಗೆ ಒಂದೇ ರೈಲಿನಲ್ಲಿ ಹೋಗುತ್ತಿದ್ದೆವು, ಸಂಜೆ ಒಂದೇ ರೈಲಿನಲ್ಲಿ ಬರುತ್ತಿದ್ದೆವು. ನಾವು ಹೊತ್ತಿಗೆ ಸರಿಯಾಗಿ ಹೋದ ದಿನ ಗಾಡಿ ಬಂದಿರುತ್ತಿರಲಿಲ್ಲ, ಗಾಡಿ ಹೊತ್ತಿಗೆ ಬಂದ ದಿನ ನಾವು ಇನ್ನೂ ಚಹಾ ಕುಡಿಯುತ್ತಿದ್ದೆವು. ರೈಲಿನ ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ, ಇಸ್ಪೀಟು, ಹತ್ತಿ ದರ, ಯಾರ ಮಗಳಿಗೆ ಯಾರ ಮಗ ಎಂಬ ವಿಚಾರ, ಎಲ್ಲವೂ ನಡೆಯುತ್ತಿದ್ದವು. ಬೈಯುತ್ತ ಹೋಗುತ್ತಿದ್ದೆವು, ಆದರೆ ರವಿವಾರ ಮನೆಯಲ್ಲಿ ಕುಳಿತರೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು.

ನಮ್ಮ ಡಬ್ಬಿಯ ಇನ್ನೊಬ್ಬ ಖಾಯಂ ಆಸಾಮಿ ಗುಲಾಬಸಾಬ. ಅವನದು ಹಳೇ ಹುಬ್ಬಳ್ಳಿಯಲ್ಲಿ ಕಂದೀಲು ರಿಪೇರಿ ಅಂಗಡಿ. ಯಾರು ಏನು ಹೇಳಿದರೂ ಅಲ್ಲಗಳೆಯದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದರೆ, "ಇದ್ಯಾ ಮಳಿ? ನಾಕ ಹನಿ ಬಿದ್ದಾವ" ಎನ್ನುತ್ತಿದ್ದ. ಅವನಿಗೂ ನೀಲಕಂಠಪ್ಪನವರಿಗೂ ಕಿಟಕಿಯ ಜಗಳ ವರ್ಷಾನುಗಟ್ಟಲೆ ನಡೆದಿತ್ತು. ಕಲ್ಲಿದ್ದಲಿನ ಕರಿ ಬಂದು ತಾವು ತಲೆಗೆ ಸುತ್ತಿದ ಬಿಳಿ ಪಟಕದ ಮೇಲೆ ಬೀಳುತ್ತದೆಂದು ನೀಲಕಂಠಪ್ಪನವರು ಕಿಟಕಿ ಮುಚ್ಚುವರು. ಕರಿ ಎಲ್ಲಿದೆ ತೋರಿಸಿರಿ ಎಂದು ಇವನು ತೆರೆಯುವನು. ಸಂಜೆ ನವಲೂರು ಸ್ಟೇಶನ್ನಿನಲ್ಲಿ ಮಾತ್ರ ನೀಲಕಂಠಪ್ಪನವರು ತಾವಾಗಿಯೇ ಕಿಟಕಿ ತೆರೆದು, ಹೊರಗೆ ಬುಟ್ಟಿ ಹಿಡಿದು ನಿಂತ ಹೆಂಗಸರ ಹತ್ತಿರ ಪೇರಲ ಹಣ್ಣು ಕೊಳ್ಳುತ್ತಿದ್ದರು. ಹೆಂಡತಿ ದಾನವ್ವನಿಗೆ ಅರೆಮಾಗಿದ ದೋರಗಾಯಿ ಪೇರಲವನ್ನು ಉಪ್ಪು ಖಾರ ಹಚ್ಚಿಕೊಂಡು ತಿನ್ನುವುದೆಂದರೆ ಜೀವ. ಹಣ್ಣು ಪಟಕದ ಸೆರಗಿನಲ್ಲಿ ಕಟ್ಟಿಕೊಂಡು, ಯಾರೂ ನೋಡಿಲ್ಲವೆಂಬಂತೆ ಕುಳಿತುಬಿಡುತ್ತಿದ್ದರು. ನಾವೂ ನೋಡದವರ ಹಾಗೆ ಇರುತ್ತಿದ್ದೆವು.

ಎರಡನೇ ಮಹಾಯುದ್ಧ ಸುರುವಾಗುವ ಹಿಂದಿನ ವರ್ಷ ದಾನವ್ವ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡಳು.

ಲಿಂಗವಂತರ ಮನೆ. ಅವರಲ್ಲಿ ಸತ್ತವರು ಸತ್ತರು ಎನ್ನುವುದಿಲ್ಲ, ಲಿಂಗದಲ್ಲಿ ಬೆರೆತರು ಎನ್ನುತ್ತಾರೆ. ಬೆರೆತ ಮೇಲೆ ಅಳುವುದೇನಿದೆ? ಮನೆತನದ ಗುರು ಅಯ್ಯನವರಾದ ಶಾಂತಯ್ಯ ಬಂದವರು ಬಾಗಿಲಲ್ಲೇ ಹೇಳಿದರು: "ನೀಲಕಂಠಪ್ಪ, ಕಣ್ಣಾಗ ನೀರ ತಗೀಬ್ಯಾಡ. ದಾನವ್ವ ಎಲ್ಲಿ ಹೋಗಬೇಕಾಗಿತ್ತೋ ಅಲ್ಲಿ ಹೋಗ್ಯಾಳ. ನೀ ಅತ್ತರ ಆಕಿನ್ನ ಕಾಲ ಹಿಡದ ಜಗ್ಗಿದಂಗ." ಅಂಥ ಮಾತು ಕೇಳಿದ ಮೇಲೆ ಯಾವ ಗಂಡ ಅತ್ತಾನು? ನೀಲಕಂಠಪ್ಪನವರು ಅಳಲಿಲ್ಲ. ಮಣ್ಣು ಮಾಡಿ ಬಂದರು, ವಿಭೂತಿ ಹಚ್ಚಿಕೊಂಡರು, ಬಂದವರಿಗೆಲ್ಲ ಪ್ರಸಾದವಾಯಿತೇ ಎಂದು ವಿಚಾರಿಸಿದರು. ಎಂಥ ಗಟ್ಟಿ ಮನುಷ್ಯ ಎಂದು ಊರು ಹೊಗಳಿತು.

ಆ ಹೊಗಳಿಕೆಯೇ ಅವರನ್ನು ಕೊಂದಿತು. ಅಳು ಎಂಬುದು ಒಳಗೆ ಉಳಿದುಬಿಟ್ಟರೆ ಕರಗುವ ಪದಾರ್ಥವಲ್ಲ. ಆದರೆ ಅದನ್ನು ಹೊರಗೆ ಹಾಕುವುದೆಲ್ಲಿ? ಮನೆಯಲ್ಲಿ ತಮ್ಮಂದಿರು, ಸೊಸೆಯಂದಿರು, ಕಾಲಿಗೆ ಕೈಗೆ ಸಿಗುವ ಮಕ್ಕಳು, ಎಲ್ಲಕ್ಕಿಂತ ಮೇಲೆ ಮುಪ್ಪಿನ ತಾಯಿ ಬಾಳವ್ವ. ಬಚ್ಚಲಮನೆಯಲ್ಲಿ ಒಮ್ಮೆ ಮೆಲ್ಲಗೆ ಸುರು ಮಾಡಿದರಂತೆ. ಹೊರಗಿನಿಂದ ಬಾಳವ್ವ ಕೂಗಿದಳು: "ಯಾಕೋ ನೀಲ್ಯಾ, ಕಣ್ಣಾಗ ಸೀಗಿಕಾಯಿ ಹೊಕ್ತೇನು?" ಹೊಲಕ್ಕೆ ಹೋಗಿ ಬದುವಿನ ಮೇಲೆ ಮುಖ ಮುಚ್ಚಿಕೊಂಡು ಕುಳಿತರೆ, ಸಾವುಕಾರರಿಗೆ ಹೊಟ್ಟೆನೋವು ಬಂದಿದೆ ಎಂದು ಆಳುಗಳು ಅಜವಾನದ ನೀರು ಹಿಡಿದು ಓಡಿಬಂದರು. ಅಂಗಡಿಯಲ್ಲಿ ರೈತರು, ಗುಮಾಸ್ತರು. ರೈಲಿನಲ್ಲಿ ನಾವು.

ಒಂದು ದಿನ ಧಾರವಾಡದ ಪ್ಲಾಟ್‌ಫಾರ್ಮಿನ ಮೇಲೆ ನನ್ನನ್ನು ಅತ್ತ ಕರೆದೊಯ್ದು ಕೇಳಿದರು.

"ರಾಯರ, ಒಂದ ಮಾತ ಕೇಳತೇನಿ, ನಗಬ್ಯಾಡ್ರಿ. ಈ ಧಾರವಾಡದಾಗ ಒಬ್ಬ ಮನಷ್ಯಾಗ ಅರ್ಧಾ ತಾಸ ಅಳಬೇಕಂದ್ರ ಎಲ್ಲೆ ಹೋಗಬೇಕ್ರಿ?"

ನಾನು ನಕ್ಕೆ, ಆಮೇಲೆ ಅವರ ಮುಖ ನೋಡಿದೆ. ನಿಜವಾಗಿ ಯೋಚಿಸಿದರೆ ನನಗೂ ಒಂದು ಜಾಗ ಹೊಳೆಯಲಿಲ್ಲ. ನಮ್ಮ ಊರಲ್ಲಿ ಮನುಷ್ಯನಿಗೆ ಉಣ್ಣಲು, ಮಲಗಲು, ಜಗಳಾಡಲು ಜಾಗವಿದೆ. ಒಬ್ಬನೇ ಇರಲು ಇಲ್ಲ.

ಅವರಿಗೆ ಹೊಳೆದದ್ದು ಮೋಟಾರು. ಬೆಳಗಾವಿಯಿಂದ ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಗೋರಾ ಸಾಹೇಬನ ಹಳೇ ಮೋಟಾರು ಮಾರಾಟಕ್ಕೆ ಬಂದಿತ್ತು. ಗಾಜು ಏರಿಸಿಕೊಂಡು ಒಬ್ಬರೇ ಕುಳಿತರೆ ಧಾರವಾಡದಿಂದ ಹುಬ್ಬಳ್ಳಿಯ ತನಕ ಕೇಳುವವರಿಲ್ಲ, ಎಂಜಿನ್ನಿನ ಸಪ್ಪಳದಲ್ಲಿ ಅಳು ಹೊರಗೆ ಬರುವುದಿಲ್ಲ ಎಂದು ಅವರ ಲೆಕ್ಕ. ಮೋಟಾರು ಹೊಡೆಯುವುದನ್ನು ಕಲಿಸಲು ಹಳೇ ಹುಬ್ಬಳ್ಳಿಯ ಮಿಸ್ತ್ರಿ ಮೆಹಬೂಬ ಬಂದ.

"ಯಾಕ್ರಿ ಸಾವಕಾರ್ರ ಈ ತ್ರಾಸ? ನಾ ಹೊಡೀತೇನಿ, ನೀವು ಹಿಂದ ಆರಾಮ ಕೂಡ್ರಿ," ಎಂದ ಅವನು.

"ಬ್ಯಾಡಪಾ, ನಾನ ಹೊಡೀಬೇಕು," ಎಂದರು ಇವರು. ಅಳುವುದಕ್ಕೆ ಡ್ರೈವರನನ್ನು ಇಟ್ಟುಕೊಳ್ಳಲಾಗುತ್ತದೆಯೇ?

ಊರ ಹೊರಗಿನ ಬಯಲಿನಲ್ಲಿ ಕಲಿಕೆ ನಡೆಯಿತು. ಹುಟ್ಟಿದಾಗಿನಿಂದ ಚಕ್ಕಡಿ ಹೊಡೆದ ಕೈ. ಮೋಟಾರು ನಿಲ್ಲಿಸಬೇಕಾದಾಗಲೆಲ್ಲ ಚಕ್ರವನ್ನು ಎರಡೂ ಕೈಯಿಂದ ಎದೆಗೆ ಜಗ್ಗಿ, "ಹೋ... ಹೋ..." ಎನ್ನುತ್ತಿದ್ದರು. ಮೋಟಾರು ಹೋಗುತ್ತಲೇ ಇರುತ್ತಿತ್ತು. ಒಂದು ಸಲ ಜಗ್ಗುತ್ತ, ಹೋ ಎನ್ನುತ್ತ, ಯಾರದೋ ಮೇವಿನ ಬಣವಿಯ ಒಳಗೇ ಹೋಗಿಬಿಟ್ಟರು. ಮೆಹಬೂಬ ಮೈಮೇಲಿನ ಕಣಿಕೆ ಜಾಡಿಸಿಕೊಳ್ಳುತ್ತ ಹೇಳಿದ: "ಸಾವಕಾರ್ರ, ಇದಕ್ಕ ಕಿವಿ ಇಲ್ರಿ. ಬಾಯಿಲೆ ಹೇಳಬ್ಯಾಡ್ರಿ, ಕಾಲಿಲೆ ಹೇಳ್ರಿ."

ಅಂತೂ ಕಲಿತರು. ಮೋಟಾರಿಗೆ ಪೂಜೆಯಾಯಿತು, ಬಾಳವ್ವನನ್ನು ಕೂರಿಸಿಕೊಂಡು ಊರು ಸುತ್ತಿದ್ದಾಯಿತು. ಮರುದಿನ ನೀಲಕಂಠಪ್ಪನವರು ಒಬ್ಬರೇ ಹೊರಟರು. ಊರು ದಾಟಿತು, ಮನೆಗಳು ಹಿಂದಾದವು, ಬೇವಿನ ಮರಗಳ ಸಾಲು ಸುರುವಾಯಿತು. ಎದೆಯೊಳಗೆ ಅಷ್ಟು ದಿನದ್ದೆಲ್ಲ ಮೇಲೆದ್ದು ಗಂಟಲಿಗೆ ಬಂತು. ಅಷ್ಟರಲ್ಲಿ ಮುಂದೆ ರಸ್ತೆಯ ನಡುವೆ ಒಂದು ಕೊಡೆ ಕಂಡಿತು. ಕೊಡೆಯ ಕೆಳಗೆ ಬಸಣ್ಣ, ಅವರ ಸೋದರತ್ತೆಯ ಮೈದುನ.

ನಮ್ಮ ಕಡೆ ಗುರುತಿನವರು ಎದುರಾದರೆ ನಿಂತು, "ಎಲ್ಲಿಗೆ ಹೊಂಟೀರಿ?" ಎಂದು ಕೇಳದೆ ಹೋಗುವ ಹಾಗಿಲ್ಲ. ನಡೆದು ಹೋಗುವಾಗಲೂ ಇಲ್ಲ, ಚಕ್ಕಡಿಯಲ್ಲೂ ಇಲ್ಲ. ಮೋಟಾರಿಗೆ ಬೇರೆ ಕಾಯಿದೆ ಯಾರು ಮಾಡಿದ್ದರು? ನೀಲಕಂಠಪ್ಪನವರು ನಿಂತರು, ಕೇಳಿದರು, ಬಸಣ್ಣ ಕೊಡೆ ಮಡಚಿ ಒಳಗೆ ಕುಳಿತ. ಕುಳಿತವನೇ ದಾನವ್ವನ ಮಾತು ತೆಗೆದ. "ಎಂಥಾ ಹೆಣಮಗಳ್ರಿ, ಮನಿಗೆ ಬಂದವರ್ನ ಒಮ್ಮೆರೆ ಹಂಗ ಕಳಿಸಿದ್ದಿಲ್ಲ," ಎಂದು ಮೂಗು ಒರೆಸಿಕೊಂಡು, ನೀಲಕಂಠಪ್ಪನವರ ಕಡೆ ತಿರುಗಿ, "ನೀವ ಅಳಬಾರದ್ರಿ ಮತ್ತ," ಎಂದ.

ನವಲೂರಿನ ಹತ್ತಿರ ಪೇರಲ ಬುಟ್ಟಿಯ ಹೆಂಗಸರು ಕೈ ಮಾಡಿದರು. ರಾಯಾಪುರದಲ್ಲಿ ಸಾಲಿ ಮಾಸ್ತರರು ಹತ್ತಿದರು. ಉಣಕಲ್ಲಿನಲ್ಲಿ ಹತ್ತಿದವನು ತನ್ನ ಹೋತವನ್ನೂ ಹತ್ತಿಸಿದ. ಎಲ್ಲರೂ ದಾನವ್ವನನ್ನು ನೆನೆದರು, ಎಲ್ಲರೂ ಅಳಬಾರದೆಂದು ಬುದ್ಧಿ ಹೇಳಿದರು. ಹೋತವೊಂದೇ ಸುಮ್ಮನಿತ್ತು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ನಮ್ಮ ರೈಲು ಬಂದು ಎಷ್ಟೋ ಹೊತ್ತಾಗಿತ್ತು.

ಹೊತ್ತಿಗಿಂತ ಮುಂಚೆ ಹೊರಟು ನೋಡಿದರು, ತಡಮಾಡಿ ಹೊರಟು ನೋಡಿದರು. ಧಾರವಾಡದವರು ಎಲ್ಲ ಹೊತ್ತಿನಲ್ಲೂ ರಸ್ತೆಯ ಮೇಲೆ ಇರುತ್ತಾರೆ. ಒಂದು ದಿನ ಮಾತ್ರ ಗಟ್ಟಿ ಮನಸ್ಸು ಮಾಡಿ ನೆಟ್ಟಗೆ ಮುಂದೆ ನೋಡುತ್ತ, ಯಾರೋ ಕೈ ಎತ್ತಿದರೂ ನಿಲ್ಲಿಸದೆ ಹೋದರು. ಕೈ ಎತ್ತಿದವರು ಶಾಂತಯ್ಯನವರು. ಸಂಜೆಯೊಳಗೆ ಕಾಮನಕಟ್ಟಿಯ ಕಟ್ಟೆ ಕಟ್ಟೆಗೂ ಸುದ್ದಿ ಮುಟ್ಟಿತು: ನೀಲಕಂಠಪ್ಪನಿಗೆ ಮೋಟಾರಿನ ಮದ ಏರಿದೆ, ಅಯ್ಯನವರ ಮುಖದ ಮೇಲೆ ಧೂಳು ಹಾರಿಸಿಕೊಂಡು ಹೋದ. ಬಾಳವ್ವ ಊಟ ಬಿಟ್ಟಳು. ನೀಲಕಂಠಪ್ಪನವರು ಶಾಂತಯ್ಯನವರ ಮನೆಗೆ ಹೋಗಿ ಪಾದ ಹಿಡಿದು ತಪ್ಪಾಯಿತು ಎಂದರು. ಅಯ್ಯನವರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿ, ಮರುದಿನದಿಂದ ತಾವೂ ಮೋಟಾರಿನಲ್ಲೇ ಬರತೊಡಗಿದರು.

ಅಲ್ಲಿಗೆ ಕಟ್ಟು ಹರಿಯಿತು. ರೈಲಿನ ನಮ್ಮ ಮೇಳವೂ ಒಬ್ಬೊಬ್ಬರಾಗಿ ಮೋಟಾರಿಗೆ ಬಂತು. ನಾನು ಬಂದೆ, ಗುಲಾಬಸಾಬ ಬಂದ. ಗುಟ್ಟು ಗೊತ್ತಿದ್ದ ನಾನಾದರೂ ದೂರ ಇರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಗೂ ಮಂದಿ ತುಂಬಿಯೇ ಹೋಗುತ್ತಿತ್ತು, ನಾನೊಬ್ಬ ಇಳಿದರೆ ಆ ಜಾಗಕ್ಕೆ ಇನ್ನೊಂದು ಹೋತ ಹತ್ತುತ್ತಿತ್ತು. ಸುಖವೇನೂ ಇರಲಿಲ್ಲ. ರೈಲಿನಲ್ಲಿ ಟಿಕೀಟು ಕೊಟ್ಟರೆ ಅದು ನಮ್ಮನ್ನು ಒಯ್ಯುತ್ತಿತ್ತು, ಇಲ್ಲಿ ಟಿಕೀಟಿಲ್ಲ, ನವಲೂರಿನ ಏರಿನಲ್ಲಿ ನಾವೇ ಅದನ್ನು ಒಯ್ಯುತ್ತಿದ್ದೆವು. ಗಾಲಿ ಪಂಕ್ಚರಾದರೆ ಬೇವಿನ ನೆರಳಲ್ಲಿ ಕುಳಿತು ಇಸ್ಪೀಟು ಆಡುತ್ತಿದ್ದೆವು. ಕಿಟಕಿಯ ಜಗಳವೂ ರೈಲಿನಿಂದ ಇಲ್ಲಿಗೆ ವರ್ಗವಾಯಿತು. "ಧೂಳ ಎಲ್ಲೈತ್ರಿ?" ಎಂದು ಗುಲಾಬಸಾಬ ಗಾಜು ಇಳಿಸುತ್ತಿದ್ದ, ಚಕ್ರ ಹಿಡಿದ ನೀಲಕಂಠಪ್ಪನವರಿಗೆ ಏರಿಸಲು ಕೈ ಇರುತ್ತಿರಲಿಲ್ಲ. ಅವರು ದಿನದಿನಕ್ಕೆ ಸೊರಗುತ್ತ ಹೋದರು. ಗಟ್ಟಿ ಮನುಷ್ಯ ಎಂಬ ಹೆಸರು ಮಾತ್ರ ಸೊರಗಲಿಲ್ಲ.

ಆಮೇಲೆ ಯುದ್ಧ ಬಂತು. ಪೆಟ್ರೋಲಿಗೆ ಚೀಟಿ ಬಂತು, ಚೀಟಿ ತೋರಿಸಿದರೂ ಪೆಟ್ರೋಲು ಬರಲಿಲ್ಲ. ಮೋಟಾರು ಕೊಟ್ಟಿಗೆ ಸೇರಿತು, ಅದರ ಹಿಂದಿನ ಸೀಟಿನಲ್ಲಿ ಬಾಳವ್ವನ ಎಮ್ಮೆಗೆ ಹಿಂಡಿ ಇಟ್ಟರು. ರೈಲುಗಳಲ್ಲಿ ಸಿಪಾಯಿಗಳು ತುಂಬಿಕೊಂಡರು. ಉಳಿದದ್ದು ಇದ್ದಿಲು ಬಸ್ಸು.

ಇದ್ದಿಲು ಬಸ್ಸನ್ನು ಇಂದಿನವರು ನೋಡಿಲ್ಲ. ಬಸ್ಸಿನ ಬೆನ್ನಿಗೆ ನೀರು ಕಾಯಿಸುವ ಬಂಬಿನಂಥದೊಂದು ಡ್ರಮ್ಮು. ಅದರೊಳಗೆ ಇದ್ದಿಲು ಸುರಿದು, ಬೆಂಕಿ ಹಚ್ಚಿ, ಕಂಡಕ್ಟರ್ ಒಂದು ಹಿಡಿಕೆ ಹಿಡಿದು ಗಾಳಿ ತಿರುವುತ್ತಿದ್ದ. ಪೆಟ್ರೋಲಿನ ಬದಲು ಆ ಇದ್ದಿಲಿನ ಉಸಿರಿನ ಮೇಲೆ ಬಸ್ಸು ಓಡಬೇಕು. ಓಡುತ್ತಿತ್ತು ಎನ್ನಲಾರೆ, ಏದುತ್ತಿತ್ತು. ಮಿಸ್ತ್ರಿ ಮೆಹಬೂಬನೇ ಈಗ ಅದರ ಡ್ರೈವರ್. ಡ್ರಮ್ಮಿನ ಹೊಗೆ ಹಿಂದಿನ ಸಂದಿಗಳಿಂದ ಒಳಗೆ ನುಗ್ಗುತ್ತಿತ್ತು. ಹಾಗಾಗಿ ಕಟ್ಟಕಡೆಯ ಸೀಟು ಯಾರಿಗೂ ಬೇಡ.

ಮೊದಲ ದಿನ ನೀಲಕಂಠಪ್ಪನವರು ತಡವಾಗಿ ಬಂದರು, ನಾನು ಅವರಿಗಿಂತ ತಡವಾಗಿ ಬಂದೆ. ಇಬ್ಬರಿಗೂ ಅದೇ ಸೀಟು ಸಿಕ್ಕಿತು. ನವಲೂರಿನ ಏರಿನಲ್ಲಿ ಬಸ್ಸು ನಿಂತಿತು, ಕಂಡಕ್ಟರ್ ಇಳಿದು ಹಿಡಿಕೆ ಜೋರಾಗಿ ತಿರುವಿದ, ಹೊಗೆ ಮುಸುಕಿತು. ಮುಂದೆ ಕುಳಿತ ವಕೀಲರು ಕಣ್ಣೊರೆಸಿಕೊಳ್ಳುತ್ತಿದ್ದರು. ಕೋಳಿ ಬುಟ್ಟಿಯ ಮುದುಕಿ ಸೆರಗು ಕಣ್ಣಿಗೊತ್ತಿಕೊಂಡಿದ್ದಳು. ಶಾಂತಯ್ಯನವರ ಕಣ್ಣಿನಿಂದ ಧಾರೆಯಾಗಿ ಇಳಿದು ಗಡ್ಡ ತೊಯ್ದಿತ್ತು. ಇಡೀ ಬಸ್ಸು ಸಾವಿನ ಮನೆಯಂತೆ ಕಾಣುತ್ತಿತ್ತು. ಗುಲಾಬಸಾಬನೊಬ್ಬ ಕೆಂಪು ಕಣ್ಣು ಪಿಳಿಪಿಳಿ ಮಾಡುತ್ತ ವಾದಿಸುತ್ತಿದ್ದ: "ಹೊಗಿ ಎಲ್ಲೈತ್ರಿ? ದಿನಾ ಕಂದೀಲ ಕಾಜ ಒರಸೋ ನನ್ನ ಕೇಳ್ರಿ, ಹೊಗಿ ಅಂದ್ರೇನಂತ. ಒಂದೀಟ ಮಬ್ಬ ಐತಿ ಅಷ್ಟ."

ನೀಲಕಂಠಪ್ಪನವರು ಎಲ್ಲರನ್ನೂ ಒಮ್ಮೆ ನೋಡಿದರು. ಆಮೇಲೆ ಪಟಕದ ಸೆರಗು ಬಿಚ್ಚಿ ಮುಖಕ್ಕೆ ಹಿಡಿದರು. ಅವರ ಭುಜ ನನ್ನ ಭುಜಕ್ಕೆ ತಾಗಿತ್ತು. ಅದು ಅದುರತೊಡಗಿತು. ಹೊಗೆಗೆ ಭುಜ ಅದುರುವುದಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ಏರು ಹತ್ತಿ, ರಾಯಾಪುರ ದಾಟಿ, ಉಣಕಲ್ಲಿನ ಕೆರೆ ಕಾಣುವ ತನಕ ಅವರು ಅತ್ತರು. ವರ್ಷಾನುಗಟ್ಟಲೆ ಒಳಗಿದ್ದ ಅಳು. ಹುಬ್ಬಳ್ಳಿಯಲ್ಲಿ ಇಳಿದು ಮುಖ ತೊಳೆದುಕೊಂಡು ನನಗೆ ಹೇಳಿದರು: "ಛಲೋ ಬಸ್ಸ ಐತ್ರಿ ರಾಯರ."

ಆ ಮೇಲೆ ಆ ಸೀಟು ಅವರದೇ ಆಯಿತು. ಮುಂದೆ ಜಾಗ ಖಾಲಿ ಇದ್ದರೂ ಹಿಂದೆಯೇ ಹೋಗಿ ಕೂಡುವರು. ದಿನಾ ಅಳುತ್ತಿದ್ದರೆಂದಲ್ಲ. ಕೆಲವು ದಿನ ಅಳುವರು, ಕೆಲವು ದಿನ ಕೆಮ್ಮುವರು. ಮೈ ಹಿಡಿಯಿತು, ಇಸ್ಪೀಟಿನಲ್ಲಿ ಮತ್ತೆ ಮೋಸ ಮಾಡತೊಡಗಿದರು. ಮೋಟಾರಿಗೂ ಅಂಥದೇ ಡ್ರಮ್ಮು ಕೂರಿಸೋಣ ಎಂದು ಮಕ್ಕಳು ಹೇಳಿದರೆ ಬೇಡವೆಂದರು. ಮೋಟಾರು ಕೊಟ್ಟಿಗೆಯಲ್ಲಿಟ್ಟು ಹೊಗೆ ಕುಡಿಯುತ್ತಾನೆ, ಎಂಥ ಜಿಪುಣ ಎಂದು ಊರು ಆಡಿಕೊಂಡಿತು. ಊರಿಗೆ ಒಂದು ಕಥೆ ಸಾಕಾಗುವುದಿಲ್ಲ.

ಯುದ್ಧ ಮುಗಿಯಿತು. ಒಂದು ದಿನ ಬೆಳಿಗ್ಗೆ ನೋಡಿದರೆ ಬಸ್ಸಿನ ಬೆನ್ನಿನ ಮೇಲೆ ಡ್ರಮ್ಮಿಲ್ಲ. ಪೆಟ್ರೋಲು ಬಂದಿತ್ತು. ಮೆಹಬೂಬ ಹೊಸ ಬಣ್ಣ ಹಚ್ಚಿಸಿ, ಮುಂದೆ ಚೆಂಡುಹೂವಿನ ಮಾಲೆ ಕಟ್ಟಿ, ಮದುಮಗನ ಹಾಗೆ ಕುಳಿತಿದ್ದ. ಎಲ್ಲರಿಗೂ ಹಿಗ್ಗು. ನೀಲಕಂಠಪ್ಪನವರು ಡ್ರಮ್ಮಿದ್ದ ಜಾಗವನ್ನು ಒಂದು ಸಲ ನೋಡಿ, ಹತ್ತಿ ತಮ್ಮ ಹಿಂದಿನ ಸೀಟಿನಲ್ಲಿ ಕುಳಿತರು. ನಾನು ಅವರ ಬದಿಗೆ, ಗುಲಾಬಸಾಬ ನಮ್ಮ ಮುಂದೆ, ಅವನ ಎದುರಿಗೆ ಅಡ್ಡ ಸೀಟಿನಲ್ಲಿ ಶಾಂತಯ್ಯನವರು.

ಬಸ್ಸು ಸುಸೂತ್ರವಾಗಿ ಹೋಯಿತು. ಕಿಟಕಿಗಳೆಲ್ಲ ತೆರೆದಿದ್ದವು. ನವಲೂರಿನ ಏರಿಗೆ ಬಂದಾಗ ಪೇರಲ ತೋಟಗಳ ಮೇಲಿಂದ ಗಾಳಿ ಬೀಸಿತು. ಮಾಗಿದ ಪೇರಲದ ವಾಸನೆ ಬಸ್ಸಿನ ತುಂಬ ತುಂಬಿಕೊಂಡಿತು. ಇಷ್ಟು ವರ್ಷ ಆ ವಾಸನೆ ಹೊಗೆಯನ್ನು ದಾಟಿ ಒಳಗೆ ಬಂದಿರಲಿಲ್ಲ. ನನ್ನ ಭುಜಕ್ಕೆ ತಾಗಿದ ಭುಜ ಅದುರಿತು. ತಿರುಗಿ ನೋಡಿದರೆ ನೀಲಕಂಠಪ್ಪನವರ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಪಟಕದ ಸೆರಗು ಬಿಚ್ಚಲು ನೋಡಿದರು, ಗಂಟು ಬಿಚ್ಚಿಕೊಳ್ಳಲಿಲ್ಲ. ಬಾಯಿಂದ ಒಂದು ಬಿಕ್ಕು ಹೊರಬಿತ್ತು. ಎಲ್ಲರಿಗೂ ಕೇಳಿಸಿತು.

ತಿರುಗಿದ ಮುಖಗಳೆಲ್ಲ ಅವರನ್ನೇ ನೋಡುತ್ತಿದ್ದವು. ಒಂದು ಎಳೆ ಹೊಗೆ ಇರಲಿಲ್ಲ. ಗಟ್ಟಿ ಮನುಷ್ಯ ನೀಲಕಂಠಪ್ಪ ಹಾಡೇ ಹಗಲು, ಊರ ಮಂದಿಯ ನಡುವೆ, ಮಗುವಿನ ಹಾಗೆ ಅಳುತ್ತಿದ್ದರು. ಶಾಂತಯ್ಯನವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಅವರು ಏನು ಹೇಳಲಿದ್ದಾರೆಂದು ನನಗೆ ಗೊತ್ತಿತ್ತು. ನನಗೆ ಅವರ ಮೇಲೆ ಎಂದೂ ಬರದಷ್ಟು ಸಿಟ್ಟು ಬಂತು.

ಆಗ ಗುಲಾಬಸಾಬ ಡ್ರೈವರನ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂಗಿದ.

"ಏ ಮೆಹಬೂಬ, ಏನೋ ಇದು ಹೊಗಿ? ಕಣ್ಣ ತಗ್ಯಾಕ ಆಗವಲ್ತು."

ಅವನ ಕಣ್ಣು ಒಣಗಿದ್ದವು. ಯುದ್ಧದ ಅಷ್ಟೂ ಕಾಲ ಇಲ್ಲವೆಂದ ಹೊಗೆಯನ್ನು ಅವನು ಇಂದು ಇದೆ ಎನ್ನುತ್ತಿದ್ದ.

ಮೆಹಬೂಬ ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡಿದ. ಅವನು ಬೆಳಗಿನಿಂದ ತನ್ನ ಬಸ್ಸಿನ ಹೊಗಳಿಕೆ ಕೇಳುತ್ತ ಬಂದವನು. "ಹೌದ ಕಾಕಾ," ಎಂದ, "ಇಂಜಿನ್ ಸರಿ ಇಲ್ಲ. ಹೊಗಿ ಭಾಳ ಬಿಡಾಕತ್ತೈತಿ."

ಗುಲಾಬಸಾಬ ಈಗ ಶಾಂತಯ್ಯನವರ ಕಡೆ ತಿರುಗಿದ. "ನಿಮಗೂ ಹತ್ತೇತಿಲ್ರಿ ಅಜ್ಜಾರ, ಹೊಗಿ?"

ಶಾಂತಯ್ಯನವರು ಅವನನ್ನು ನೋಡಿದರು. ನೀಲಕಂಠಪ್ಪನವರನ್ನು ನೋಡಿದರು. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡರು. ಆಮೇಲೆ ಕಾವಿ ಶಲ್ಯದ ತುದಿಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು, "ಹತ್ತೇತಪಾ," ಎಂದರು.

ವಕೀಲರು ಕರವಸ್ತ್ರ ತೆಗೆದರು. ಕೋಳಿ ಬುಟ್ಟಿಯ ಮುದುಕಿ ಸೆರಗು ತೆಗೆದಳು. ನಾನೂ ತೆಗೆದೆ, ನನಗೆ ನಿಜವಾಗಿಯೂ ಬೇಕಾಗಿತ್ತು. ಗುಲಾಬಸಾಬ ಎದ್ದುನಿಂತು, ತೆರೆದಿದ್ದ ನಮ್ಮ ಕಿಟಕಿಯನ್ನು ತನ್ನ ಕೈಯಾರೆ ಮುಚ್ಚಿ ಕುಳಿತ. ನೀಲಕಂಠಪ್ಪನವರು ಹುಬ್ಬಳ್ಳಿ ಬರುವ ತನಕ ಅತ್ತರು.